ಡಬ್ಬಿಯ ಮೇಲೆ 5 ಮೈಕ್ರಾನ್

ದಾವಣಗೆರೆ, 12 ಜೂನ್ 2024, ಬುಧವಾರ

ಎಚ್‌ಪಿಎಲ್‌ಸಿ ಅಂದರೆ ದ್ರಾವಣದಲ್ಲಿ ಬೆರೆತ ವಸ್ತುಗಳನ್ನು ಬೇರ್ಪಡಿಸುವ ವಿಧಾನ. ಅದರ ಕಾಲಂಗೆ, ಅಂದರೆ ದ್ರವ ಹರಿಯುವ ಕೊಳವೆಗೆ, ತುಂಬುವ ಸಿಲಿಕಾ ಪುಡಿಯ ಕಣದ ಅಳತೆಯ ಎರಡು ರಿಪೋರ್ಟ್ ಇವತ್ತು ಬಂದವು. ಪುಡಿ ಒಂದೇ. ಡಬ್ಬಿಯ ಮೇಲಿರುವುದು 5 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಲೇಸರ್ ಯಂತ್ರ ಅದಕ್ಕಿಂತ ಜಾಸ್ತಿ ತೋರಿಸಿದೆ, ಕೌಲ್ಟರ್ ಕೌಂಟರ್ ಕಡಿಮೆ.

"ಸರ್, ಯಾವುದನ್ನ ನಂಬೋದು?" ಅಂತ ಪಿಎಚ್‌ಡಿ ಹುಡುಗಿ ಕೇಳಿದಳು. ಮೊದಲು ಯಾವ ಯಂತ್ರ ಏನನ್ನು ಅಳೆಯುತ್ತದೆ ನೋಡಮ್ಮ ಅಂದೆ.

ಕೌಲ್ಟರ್‌ನಲ್ಲಿ ಉಪ್ಪುನೀರು, ಅದರಲ್ಲೊಂದು ಪುಟ್ಟ ತೂತು, ತೂತಿನ ಮೂಲಕ ವಿದ್ಯುತ್. ಕಣ ತೂರಿ ಹೋಗುವಾಗ ಅಷ್ಟು ಉಪ್ಪುನೀರು ಪಕ್ಕಕ್ಕೆ ಸರಿಯುತ್ತದೆ, ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ. ಒಂದೊಂದೇ ಕಣದ ಗಾತ್ರ ಹೀಗೆ ಸಿಗುತ್ತದೆ. ಬಹಳ ಚೆಂದದ ವಿಧಾನ. ಆದರೆ ನಮ್ಮ ಸಿಲಿಕಾ ಮಂಡಕ್ಕಿ ಇದ್ದ ಹಾಗೆ, ಒಳಗೆಲ್ಲ ಟೊಳ್ಳು. ಆ ರಂಧ್ರಗಳಲ್ಲಿ ಉಪ್ಪುನೀರು ತುಂಬಿ ಅಲ್ಲೂ ವಿದ್ಯುತ್ ಹರಿಯುತ್ತದೆ. ಹಾಗಾಗಿ ಕಣ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ಲೇಸರ್ ಯಂತ್ರ ಕಣಗಳನ್ನು ಎಣಿಸುವುದೇ ಇಲ್ಲ. ಬೆಳಕು ಯಾವ ಕೋನಕ್ಕೆ ಎಷ್ಟು ಚದುರಿತು ಅನ್ನುವುದರಿಂದ ಲೆಕ್ಕ ಹಾಕುತ್ತದೆ. ಅದಕ್ಕೆ ರಿಫ್ರಾಕ್ಟಿವ್ ಇಂಡೆಕ್ಸ್, ಅಂದರೆ ವಸ್ತು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಸಂಖ್ಯೆ, ನಾವು ಕೊಡಬೇಕು. ರಂಧ್ರದಲ್ಲಿ ದ್ರವ ತುಂಬಿದ ಸಿಲಿಕಾಗೆ ಗಟ್ಟಿ ಸಿಲಿಕಾದ ಸಂಖ್ಯೆ ಕೊಟ್ಟರೆ ಉತ್ತರ ತಪ್ಪಬಹುದು. ಎರಡು ಕಣ ಅಂಟಿಕೊಂಡಿದ್ದರೆ ಒಂದೇ ದೊಡ್ಡ ಕಣ ಅಂತ ತೋರುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಸರಾಸರಿ ಹೇಗೆ ತೆಗೆಯುತ್ತೇವೆ ಅನ್ನುವುದರಿಂದಲೂ ಉತ್ತರ ಬದಲಾಗುತ್ತದೆ. 10 ಮೈಕ್ರಾನಿನ ಒಂದು ಕಣದಲ್ಲಿರುವಷ್ಟೇ ಸರಕು 1 ಮೈಕ್ರಾನಿನ 1000 ಕಣಗಳಲ್ಲಿರುತ್ತದೆ. ಎರಡನ್ನೂ ಬೆರೆಸಿ ಸಂಖ್ಯೆಯ ಲೆಕ್ಕದಲ್ಲಿ ಸರಾಸರಿ ತೆಗೆದರೆ ಸುಮಾರು 1 ಮೈಕ್ರಾನ್. ಘನಗಾತ್ರದ (ವಾಲ್ಯೂಮ್) ಲೆಕ್ಕದಲ್ಲಿ ತೆಗೆದರೆ 5.5. ಬೋರ್ಡ್ ಮೇಲೆ ಇದನ್ನು ಬಿಡಿಸಿದಾಗ ಅವಳ ಮುಖ ಅರಳಿತು.

ಕಾಲಂಗೆ ಇದು ಸಣ್ಣ ವಿಷಯ ಅಲ್ಲ. ಕಣದ ಅಳತೆ ಅರ್ಧ ಆದರೆ ಅದೇ ಕಾಲಂ, ಅದೇ ಹರಿವಿಗೆ ಒತ್ತಡ ನಾಲ್ಕು ಪಟ್ಟು ಆಗುತ್ತದೆ. ನುಣ್ಣನೆ ಪುಡಿ ಜಾಸ್ತಿ ಇದ್ದರೆ ತುದಿಯ ಫ್ರಿಟ್, ಅಂದರೆ ಪುಡಿ ಹೊರಗೆ ಹೋಗದಂತೆ ತಡೆಯುವ ಸೋಸುಬಿಲ್ಲೆ, ಕಟ್ಟಿಕೊಳ್ಳುತ್ತದೆ. ಸರಾಸರಿ 5 ಅಂತ ಇದ್ದರೂ ಈ ನುಣ್ಣನೆಯದು ಅದರಲ್ಲಿ ಅಡಗಿರಬಹುದು. ಅದಕ್ಕೇ ನನಗೆ ಸರಾಸರಿಗಿಂತ ಡಿ10, ಡಿ90 ಮುಖ್ಯ, ಅಂದರೆ ಪುಡಿಯ ಶೇಕಡ 10 ಮತ್ತು ಶೇಕಡ 90 ಯಾವ ಅಳತೆಗಿಂತ ಚಿಕ್ಕದು ಅನ್ನುವುದು. ಬರೀ "5 ಮೈಕ್ರಾನ್" ಅಂತ ಬರೆದು ಅಳೆದ ವಿಧಾನ ಹೇಳದ ಪೇಪರ್‌ಗಳನ್ನು ಕಂಡರೆ ಬೇಜಾರಾಗುತ್ತದೆ. ನಮ್ಮ ಹುಡುಗರು ನಾಳೆ ಔಷಧಿ ಕಂಪನಿಗಳಲ್ಲಿ ಇದೇ ಕಾಲಂಗಳ ಮುಂದೆ ಕೂರುವವರು ಅಲ್ವಾ?

ಅವಳ ಥೀಸಿಸ್‌ನಲ್ಲಿ ಎರಡೂ ಅಳತೆ ಬರುತ್ತವೆ, ವಿಧಾನದ ಹೆಸರಿನ ಸಮೇತ. ಕಣಗಳು ಅಂಟಿಕೊಂಡಿವೆಯಾ ಅಂತ ನೋಡಲು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೂ ಸ್ಯಾಂಪಲ್ ಕಳಿಸುತ್ತಿದ್ದೇವೆ.