ಹೌದು, ಕೊಳೆ ಬೇಕಂತಲೇ ಹಚ್ಚಿದ್ದು

"ಹೊಸ ಇಂಜಿನ್ನಿಗೆ ಯಾಕ್ರೀ ಕೊಳೆ ಹಚ್ತೀರಾ?"

ಮನೆಗೆ ಬಂದವರೆಲ್ಲ ಷೋಕೇಸಿನಲ್ಲಿರೋ ನನ್ನ ರೈಲು ಮಾಡೆಲ್ ಮುಂದೆ ನಿಂತು ಕೇಳುವುದು ಇದನ್ನೇ. ಇನ್ನು ಕೆಲವರದು ಕನಿಕರ: "ಪಾಪ, ಒರೆಸೋಕೆ ಟೈಮ್ ಸಿಗಲ್ವೇನೋ." ಇಷ್ಟು ದಿನ ನಕ್ಕು ಉತ್ತರ ಹೇಳಿದೆ. ಸಾಕಾಯ್ತು. ಬರೆದೇ ಬಿಡುತ್ತೇನೆ.

ನನ್ನದು ವೈಪಿ. ಮೀಟರ್ ಗೇಜಿನ ಪ್ಯಾಸೆಂಜರ್ ಉಗಿ ಇಂಜಿನ್. 1949ರಿಂದ 1970ರ ತನಕ ಇಂಥವು 871 ತಯಾರಾದವು. ನನ್ನ ಮಾಡೆಲ್ ಅದಕ್ಕಿಂತ 87 ಪಟ್ಟು ಚಿಕ್ಕದು. ಒಂದು ಗೇಣುದ್ದ, 12 ಮಿಲಿಮೀಟರ್ ಹಳಿ ಮೇಲೆ ಓಡುತ್ತದೆ. ದಿನವಿಡೀ ಕಲ್ಲಿದ್ದಲು ಉರಿಸಿದ ಇಂಜಿನ್ ತೊಳೆದಿಟ್ಟ ಸ್ಟೀಲ್ ಲೋಟದ ಹಾಗೆ ಹೊಳೆಯುತ್ತಿತ್ತಾ? ಹೇಳಿ ನೋಡೋಣ.

ಮೂರು ತಿಂಗಳು ಕೂತಿದ್ದೆ. ಅಚ್ಚಿನ ಜೊತೆಗೇ ಬಂದಿದ್ದ ದಪ್ಪ ಹ್ಯಾಂಡ್‌ರೇಲ್ ಕೆತ್ತಿ ತೆಗೆದು, 0.35 ಮಿಲಿಮೀಟರ್ ಹಿತ್ತಾಳೆ ತಂತಿ ಕೂರಿಸಿದೆ. ಅದರ 87 ಪಟ್ಟು ಅಂದರೆ ಸುಮಾರು 30 ಮಿಲಿಮೀಟರ್, ಕೈಯಲ್ಲಿ ಹಿಡಿಯೋ ಸರಳಿನ ದಪ್ಪ. ಇಂಜಿನ್ ಹಿಂದೆ ಕಲ್ಲಿದ್ದಲು, ನೀರು ಹೊರುವ ಟೆಂಡರಿಗೆ ನಿಜವಾದ ಕಲ್ಲಿದ್ದಲನ್ನೇ ಪುಡಿ ಮಾಡಿ ಅಂಟಿಸಿದೆ. ಕೊನೆಗೆ ಕೊಳೆಯ ಹಾಗೆ ಕಾಣೋಕೆ ಬಣ್ಣದ ಪುಡಿ. ಅದು ಉದುರದ ಹಾಗೆ ವಾರ್ನಿಷ್ ಹೊಡೆಯುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಆಯುಧ ಪೂಜೆ ಬಂತು.

ಸಂಜೆ ಮನೆಗೆ ಬಂದರೆ ಇಂಜಿನ್ ದೇವರ ಮುಂದೆ ಕೂತಿದೆ. ಸ್ಕೂಟರ್ ಕೀ, ಈಳಿಗೆಮಣೆ, ಸ್ಕ್ರೂಡ್ರೈವರ್ ಪಕ್ಕದಲ್ಲಿ. ನಲ್ಲಿ ಕೆಳಗೆ ತೊಳೆದು, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಇಂಜಿನ್ ಮುಂಭಾಗದ ದುಂಡನೆಯ ಸ್ಮೋಕ್‌ಬಾಕ್ಸ್ ಬಾಗಿಲಿಗೆ ಕುಂಕುಮ ಇಟ್ಟಾಗಿದೆ. "ಎಷ್ಟು ಧೂಳು ಕೂತಿತ್ತು ಗೊತ್ತೇನೋ!" ಅಂದಳು ಅಮ್ಮ. ಹಬ್ಬದ ದಿನ ಜಗಳ ಬೇಡ ಅಂತ ಒಬ್ಬಟ್ಟು ತಿಂದೆ.

ಇಷ್ಟು ಜನ ಕೇಳುತ್ತಾರಲ್ಲ, ಒಬ್ಬರಾದರೂ "ಆ ಬಿಳಿ ಗೆರೆ ಅಲ್ಲೇ ಯಾಕಿದೆ?" ಅನ್ನಬಾರದಾ? ಸಂತೋಷವಾಗಿ ಕಾಫಿ ಮಾಡಿಕೊಟ್ಟು ಹೇಳುತ್ತೇನೆ. ಬಾಯ್ಲರ್ ಒಳಗಿನ ಕೆಸರು ತೊಳೆಯೋಕೆ ಪಕ್ಕದಲ್ಲಿ ಪ್ಲಗ್‌ಗಳಿರುತ್ತವೆ. ಅವು ಸಣ್ಣಗೆ ಸೋರುತ್ತವೆ. ನೀರು ಆವಿಯಾಗಿ ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಬೋರ್‌ವೆಲ್ ನೀರಿನ ಬಕೆಟ್ಟಿಗೆ ಬಿಳಿ ಪೊರೆ ಕಟ್ಟಲ್ವಾ, ಅದೇ. ಹಾಗಾಗಿ ಗೆರೆ ಪ್ಲಗ್ಗಿನಿಂದ ಕೆಳಕ್ಕೇ ಇಳಿಯಬೇಕು. ಮಸಿ ಚಿಮಣಿಯ ಹಿಂದೆ, ಕ್ಯಾಬಿನ ಸೂರಿನ ಮೇಲೆ. ಚಕ್ರದ ಸುತ್ತ ಬ್ರೇಕ್ ಸವೆದ ಕಂದು ಪುಡಿ. ಚಕ್ರ ತಿರುಗಿಸೋ ರಾಡುಗಳ ಮೇಲೆ ಮಾತ್ರ ಎಣ್ಣೆಯ ಹೊಳಪು. ಡ್ರೈವರ್ ಹತ್ತಿ ಇಳಿಯುವ ಕಡೆ ಹ್ಯಾಂಡ್‌ರೇಲ್ ಕೈಯುಜ್ಜಿ ಮಿನುಗಬೇಕು. ಕಂಡಲ್ಲೆಲ್ಲ ತುಕ್ಕಿನ ಬಣ್ಣ ಬಳಿಯುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ದಿನಾ ಓಡೋ ಇಂಜಿನ್ ಅದು, ಗುಜರಿ ಅಂಗಡಿಯದಲ್ಲ.

ಅಚ್ಚ ಕಪ್ಪು ಬಣ್ಣವನ್ನೂ ನಾನು ಮುಟ್ಟುವುದಿಲ್ಲ. ಇಷ್ಟು ಚಿಕ್ಕದರ ಮೇಲೆ ಅದು ಆಟಿಕೆ ಥರ ಕಾಣುತ್ತದೆ. ಬೂದು, ಜೊತೆಗೆ ಒಂಚೂರು ಕಂದು. ಪುಡಿಯನ್ನು ಜಾಸ್ತಿಯೇ ಹಾಕಬೇಕು, ವಾರ್ನಿಷ್ ಹೊಡೆದ ತಕ್ಷಣ ಅರ್ಧ ಮಾಯ.

ಹಬ್ಬ ಮುಗಿದ ಮೇಲೆ ಎಲ್ಲ ಮೊದಲಿಂದ ಹಚ್ಚಿದೆ. ಕುಂಕುಮ ಮಾತ್ರ ಒರೆಸಲಿಲ್ಲ. ಆಯುಧ ಪೂಜೆಗೆ ಶೆಡ್ಡಿನಲ್ಲಿ ನಿಜವಾದ ಇಂಜಿನ್ನಿಗೂ ಇಡುತ್ತಿದ್ದರು. ಆದರೆ ಮಾರನೇ ದಿನ ಗಾಡಿ ಎಳೆದ ಮೇಲೆ ಅದು ಅಷ್ಟು ಕೆಂಪಾಗಿ ಉಳಿಯುತ್ತಾ? ಮೇಲೆ ತೆಳ್ಳಗೆ ಮಸಿ ಉದುರಿಸಿ ವಾರ್ನಿಷ್ ಹೊಡೆದೆ.

ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. "ಕುಂಕುಮಕ್ಕೂ ಕೊಳೆ ಹಚ್ಚಿದ್ಯೇನೋ?"