ಜರ್ಮನಿಯ ಲೈಸೆನ್ಸ್ ಪರೀಕ್ಷೆಯ ಆ 55 ನಿಮಿಷ

ಭಾರತದಲ್ಲಿ ವರ್ಷಗಟ್ಟಲೆ ಕಾರು ಓಡಿಸಿ ಪಳಗಿದವರು ಜರ್ಮನಿಯ ಡ್ರೈವಿಂಗ್ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾಗುವುದು ಅಪರೂಪವೇನಲ್ಲ. ಗೇರು, ಕ್ಲಚ್ಚು, ಇಕ್ಕಟ್ಟಿನ ಜಾಗದಲ್ಲಿ ಕಾರು ತೂರಿಸುವುದು ಎಲ್ಲವೂ ಅವರಿಗೆ ಚೆನ್ನಾಗಿಯೇ ಬರುತ್ತದೆ. ಹಿಂದಿನ ಸೀಟಿನಲ್ಲಿ ಕೂತ ಪರೀಕ್ಷಕರ ಗಮನ ಮಾತ್ರ ಚಾಲಕನ ತಲೆಯ ಮೇಲಿರುತ್ತದೆ: ಎಲ್ಲಿ ನೋಡಿದ, ಯಾವಾಗ ನೋಡಿದ, ನೋಡಿದ ಮೇಲೆ ಏನು ಮಾಡಿದ. ಇದನ್ನು ಮೊದಲೇ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಜರ್ಮನಿಯಲ್ಲಿ ವಾಸ ಶುರುವಾದ ದಿನದಿಂದ ಭಾರತದ ಲೈಸೆನ್ಸ್ ನಡೆಯುವುದು ಆರು ತಿಂಗಳು. ಆಮೇಲೂ ಓಡಿಸಿದರೆ ಅದು ಲೈಸೆನ್ಸ್ ಇಲ್ಲದೆ ಓಡಿಸಿದಂತೆಯೇ. ಸಣ್ಣ ದಂಡ ಕಟ್ಟಿ ಮುಗಿಸುವ ವಿಷಯವಲ್ಲ ಇದು, ಕ್ರಿಮಿನಲ್ ಅಪರಾಧ. ಜಪಾನ್, ದಕ್ಷಿಣ ಕೊರಿಯಾದವರು ಪರೀಕ್ಷೆ ಇಲ್ಲದೆ ಲೈಸೆನ್ಸ್ ಬದಲಿಸಿಕೊಳ್ಳಬಹುದು. ಆ ಪಟ್ಟಿಯಲ್ಲಿ ಭಾರತ ಇಲ್ಲದ ಕಾರಣ ನಮಗೆ ಥಿಯರಿ, ಪ್ರಾಯೋಗಿಕ ಎರಡೂ ಪರೀಕ್ಷೆ ಕಡ್ಡಾಯ. ಹೊಸಬರಿಗಿರುವ 14 ಥಿಯರಿ ತರಗತಿ ಮತ್ತು ಹೆದ್ದಾರಿ, ರಾತ್ರಿ ಸೇರಿದಂತೆ 12 ವಿಶೇಷ ಡ್ರೈವ್‌ಗಳಿಂದ ಮಾತ್ರ ನಮಗೆ ವಿನಾಯಿತಿ ಉಂಟು. ಇಲ್ಲಿ ನೆಲೆಸಿದ ಮೇಲೆ ರಜೆಗೆ ಹೋದಾಗ ಊರಲ್ಲಿ ಮಾಡಿಸಿಕೊಂಡು ಬಂದ ಲೈಸೆನ್ಸನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಅರ್ಜಿಯ ಜೊತೆ ಪಾಸ್‌ಪೋರ್ಟ್, ಬಯೋಮೆಟ್ರಿಕ್ ಫೋಟೊ, ಕಣ್ಣಿನ ಪರೀಕ್ಷೆಯ ಚೀಟಿ, 45 ನಿಮಿಷದ ಒಂಬತ್ತು ಪಾಠಗಳ ಪ್ರಥಮ ಚಿಕಿತ್ಸಾ ತರಬೇತಿಯ ಪ್ರಮಾಣಪತ್ರ, ಲೈಸೆನ್ಸಿನ ಜರ್ಮನ್ ಅನುವಾದ ಬೇಕು. ಪರೀಕ್ಷೆಗೆ ಡ್ರೈವಿಂಗ್ ಸ್ಕೂಲಿನ ಕಾರೂ ಶಿಕ್ಷಕರೂ ಇರಲೇಬೇಕಾದ್ದರಿಂದ ಸ್ಕೂಲಿನ ಹೆಸರನ್ನೂ ಕೊಡಬೇಕು. ಒಪ್ಪಿಗೆ ಬರಲು ವಾರಗಳೇ ಹಿಡಿಯುತ್ತವೆ. ಆರು ತಿಂಗಳು ಮುಗಿಯುವ ಹೊತ್ತಿಗೆ ಅರ್ಜಿ ಹಾಕಿದರೆ ನಡುವೆ ಕಾರು ಮುಟ್ಟುವಂತಿಲ್ಲ, ಹಾಗಾಗಿ ಬಂದ ಮೊದಲ ತಿಂಗಳಲ್ಲೇ ಹಾಕುವುದು ಒಳ್ಳೆಯದು.

ಥಿಯರಿಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು. 30 ಪ್ರಶ್ನೆ, ತಪ್ಪು ಉತ್ತರಗಳಿಗೆ ಬೀಳುವ ತಪ್ಪಂಕ ಒಟ್ಟು ಹತ್ತರವರೆಗೆ ಇದ್ದರೆ ಪಾಸು. ಆದರೆ ಐದಂಕದ ಎರಡು ಪ್ರಶ್ನೆ ತಪ್ಪಾದರೆ ಮೊತ್ತ ಹತ್ತೇ ಆದರೂ ಫೇಲು. ಒಂದೇ ಪ್ರಶ್ನೆಗೆ ಎರಡು ಮೂರು ಸರಿ ಉತ್ತರ ಇರಬಹುದು, ಅದರಲ್ಲಿ ಒಂದನ್ನು ಬಿಟ್ಟರೂ ಇಡೀ ಪ್ರಶ್ನೆ ಹೋಯಿತು. ಸಾಮಾನ್ಯ ಜ್ಞಾನ ನಂಬಿ ಹೋಗಬೇಡಿ. ಪ್ರಶ್ನೆಗಳು ಪ್ರಕಟಿತ ಸಂಗ್ರಹದಿಂದಲೇ ಬರುವುದರಿಂದ ಆ್ಯಪ್‌ನಲ್ಲಿ ಅಷ್ಟನ್ನೂ ತಿರುವಿ ಹಾಕಿ. ಪಾಸಾದ ಮೇಲೆ 12 ತಿಂಗಳೊಳಗೆ ಪ್ರಾಯೋಗಿಕ ಪರೀಕ್ಷೆ ಮುಗಿಸಬೇಕು.

ಇನ್ನು ಆ ದಿನ. ಪಾಸ್‌ಪೋರ್ಟ್ ಮರೆತರೆ ಪರೀಕ್ಷೆ ಶುರುವಾಗುವುದೇ ಇಲ್ಲ. ಪಕ್ಕದಲ್ಲಿ ಶಿಕ್ಷಕರು, ಹಿಂದೆ ಟ್ಯಾಬ್ಲೆಟ್ ಹಿಡಿದ ಪರೀಕ್ಷಕರು. ಶಿಕ್ಷಕರ ಕಾಲ ಬಳಿಯೂ ಪೆಡಲ್‌ಗಳಿರುತ್ತವೆ, ಅಪಾಯ ತಪ್ಪಿಸಲು ಅವರು ಬ್ರೇಕ್ ಒತ್ತಬೇಕಾಗಿ ಬಂತೆಂದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಒಟ್ಟು 55 ನಿಮಿಷ, ಸೂಚನೆಗಳೆಲ್ಲ ಜರ್ಮನ್‌ನಲ್ಲಿ. ರೆಖ್ಟ್ಸ್ ಎಂದರೆ ಬಲ, ಲಿಂಕ್ಸ್ ಎಂದರೆ ಎಡ, ಆಂಪೆಲ್ ಎಂದರೆ ಸಿಗ್ನಲ್. ಇಂಥ ಇಪ್ಪತ್ತು ಮೂವತ್ತು ಪದ ಸಾಕು, ಆದರೆ ಅವು ಯೋಚಿಸದೆ ಅರ್ಥವಾಗುವಷ್ಟು ರೂಢಿಯಾಗಿರಬೇಕು. ಪರೀಕ್ಷಕರು ಸುಮ್ಮನಿದ್ದರೆ ನೇರ ಹೋಗಬೇಕು ಎಂದರ್ಥ. ಹೊರಡುವ ಮುನ್ನ ಕಾರಿನ ಬಗ್ಗೆ ಒಂದೆರಡು ಪ್ರಶ್ನೆ ಕೇಳುತ್ತಾರೆ: ಫಾಗ್ ಲೈಟ್ ಎಲ್ಲಿ, ಎಂಜಿನ್ ಆಯಿಲ್ ಹೇಗೆ ನೋಡುವುದು, ಟಯರಿನ ಗೀರು ಎಷ್ಟು ಆಳ ಉಳಿದಿರಬೇಕು. ಕನಿಷ್ಠ 1.6 ಮಿಲಿಮೀಟರ್.

ಹೆಚ್ಚಿನವರ ಪರೀಕ್ಷೆ ಕೈಕೊಡುವುದು ಗಂಟೆಗೆ 30 ಕಿಲೋಮೀಟರ್ ಮಿತಿಯ ವಲಯದ ವಸತಿ ಬೀದಿಗಳಲ್ಲಿ. ಅಲ್ಲಿ ಫಲಕವಿಲ್ಲದ ಪ್ರತಿ ಕೂಡುರಸ್ತೆಯಲ್ಲೂ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ನೀವು ಅಗಲವಾದ ನೇರ ರಸ್ತೆಯಲ್ಲಿದ್ದು ಅವರು ಸಣ್ಣ ಓಣಿಯಿಂದ ಬಂದರೂ ಅಷ್ಟೇ. ದೊಡ್ಡ ರಸ್ತೆಯವನೇ ಮೊದಲು ಎನ್ನುವ ನಮ್ಮ ರೂಢಿ ಇಲ್ಲಿ ನೇರವಾಗಿ ಫೇಲು ಮಾಡಿಸುತ್ತದೆ. ಬಲಗಡೆ ಖಾಲಿಯಿದ್ದರೂ ಕಾಲು ಆಕ್ಸಿಲರೇಟರಿನಿಂದ ಎತ್ತಿ, ತಲೆ ತಿರುಗಿಸಿ ನೋಡಿಯೇ ದಾಟಬೇಕು. ಇದಕ್ಕೊಂದು ಅಪವಾದವನ್ನೂ ಕಣ್ಣು ಹಿಡಿಯಬೇಕು. ಬಲಗಡೆಯ ಓಣಿ ತಗ್ಗಿಸಿದ ಕಲ್ಲಂಚನ್ನು ದಾಟಿ ನಿಮ್ಮ ರಸ್ತೆಗೆ ಸೇರುತ್ತಿದ್ದರೆ ಕಾಯಬೇಕಾದವರು ಅವರು. ಅಲ್ಲಿ ನೀವು ಸುಮ್ಮನೆ ನಿಂತರೆ ಅದೂ ತಪ್ಪೇ.

ಎರಡನೆಯದು ಭುಜದ ಮೇಲಿಂದ ಹಿಂದಕ್ಕೆ ನೋಡುವುದು, ಇಲ್ಲಿನವರ ಬಾಯಲ್ಲಿ ಶುಲ್ಟರ್‌ಬ್ಲಿಕ್. ಬಲಕ್ಕೆ ತಿರುಗುವಾಗ ಕಾರಿನ ಬಲ ಪಕ್ಕದಲ್ಲೇ ಸೈಕಲ್ ದಾರಿ ಇರುತ್ತದೆ, ನೇರ ಹೋಗುವ ಸೈಕಲಿಗೆ ನಿಮಗಿಂತ ಮೊದಲ ಹಕ್ಕು. ಹಿಂದಿನಿಂದ ವೇಗವಾಗಿ ಬರುವ ಸೈಕಲ್ ಕನ್ನಡಿಗೆ ಸಿಗದ ಜಾಗದಲ್ಲಿರುತ್ತದೆ. ಹಾಗಾಗಿ ಕ್ರಮ ಹೀಗೆ: ಒಳಕನ್ನಡಿ, ಹೊರಕನ್ನಡಿ, ಇಂಡಿಕೇಟರ್, ಸ್ಟಿಯರಿಂಗ್ ತಿರುಗಿಸುವ ಮುಂಚಿನ ಕ್ಷಣದಲ್ಲಿ ಭುಜದ ನೋಟ. ಬರಿ ಕಣ್ಣು ಹೊರಳಿಸಿದರೆ ಪರೀಕ್ಷಕರಿಗೆ ಕಾಣುವುದಿಲ್ಲ, ಗದ್ದ ಭುಜದ ಕಡೆ ಹೋಗಬೇಕು. ಹೊರಡುವಾಗ, ಲೇನ್ ಬದಲಿಸುವಾಗ, ವೃತ್ತದಿಂದ ಹೊರಬರುವಾಗ, ಕೊನೆಗೆ ಕಾರಿನ ಬಾಗಿಲು ತೆರೆಯುವಾಗಲೂ ಇದು ಬೇಕು. ಪರೀಕ್ಷೆಗಾಗಿ ಮಾಡುವ ನಾಟಕ ಎಂದು ಇದನ್ನು ಹಗುರವಾಗಿ ಕಾಣುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಆ ಒಂದು ನೋಟದಲ್ಲಿ ಒಬ್ಬರ ಜೀವ ಉಳಿಯುತ್ತದೆ.

ಎಡಬದಿ ಬಿಟ್ಟು ಬಲಬದಿಗೆ ಹೊಂದಿಕೊಳ್ಳುವುದು ನೇರ ರಸ್ತೆಯಲ್ಲಿ ಕಷ್ಟವಿಲ್ಲ. ತೊಂದರೆ ಬರುವುದು ಎಡಕ್ಕೆ ತಿರುಗುವಾಗ. ಊರಲ್ಲಿ ಎಡ ತಿರುವು ಅಂಚಿಗೆ ಅಂಟಿಕೊಂಡಿರುತ್ತದೆ, ಇಲ್ಲಿ ಎದುರಿನ ವಾಹನ ಬಿಟ್ಟು, ಅಗಲವಾಗಿ ಸುತ್ತಿ ಬಲಬದಿಯ ಲೇನ್ ಸೇರಬೇಕು. ಇನ್ನೊಂದು ಸೂಕ್ಷ್ಮವಿದೆ. ಬಲಗಡೆ ಕೂತು ಓಡಿಸಿದ ದೇಹ, ಎಡಗಡೆ ಕೂತಾಗಲೂ ತನ್ನನ್ನು ಲೇನಿನ ಬಲ ಅರ್ಧದಲ್ಲೇ ಇಡಲು ನೋಡುತ್ತದೆ. ಪರಿಣಾಮವಾಗಿ ಕಾರು ಬಲಕ್ಕೆ ಸರಿದು ನಿಂತ ಕಾರುಗಳ ಕನ್ನಡಿಗೆ ತಾಗುವಂತಾಗುತ್ತದೆ. ಇದು ಬಿಡಬೇಕೆಂದರೆ ಕೆಲವಾದರೂ ಪಾಠ ತೆಗೆದುಕೊಳ್ಳಲೇಬೇಕು. ಕಡ್ಡಾಯವಿಲ್ಲವೆಂದು ಹಣ ಉಳಿಸಲು ಹೋದರೆ ಮರುಪರೀಕ್ಷೆಗೆ ಅದಕ್ಕಿಂತ ಹೆಚ್ಚು ಹೋಗುತ್ತದೆ: ಸುಮಾರು 130 ಯೂರೊ ಪರೀಕ್ಷಾ ಶುಲ್ಕ, ಮೇಲೆ ಸ್ಕೂಲಿನ ಶುಲ್ಕ ಬೇರೆ.

ಸ್ಟಾಪ್ ಫಲಕದಲ್ಲಿ ಚಕ್ರ ಪೂರ್ತಿ ನಿಲ್ಲಬೇಕು. ಕೆಂಪು ದೀಪದ ಪಕ್ಕ ಹಸಿರು ಬಾಣದ ತಗಡಿದ್ದಲ್ಲಿ ಬಲಕ್ಕೆ ತಿರುಗಬಹುದು, ಆದರೆ ಅಲ್ಲೂ ಮೊದಲು ಗೆರೆಯಲ್ಲಿ ನಿಲ್ಲಬೇಕು. ಸೈಕಲ್ ಹಿಂದಿಕ್ಕುವಾಗ ಊರೊಳಗೆ ಒಂದೂವರೆ ಮೀಟರ್, ಹೊರಗೆ ಎರಡು ಮೀಟರ್ ಅಂತರ. ಅಷ್ಟು ಜಾಗ ಇಲ್ಲವೇ, ಸೈಕಲಿನ ಹಿಂದೆಯೇ ಹೋಗಿ. ನಿಧಾನ ಹೋದರೆ ಸುರಕ್ಷಿತ ಎಂಬ ಲೆಕ್ಕ ಊರಾಚೆ ನಡೆಯುವುದಿಲ್ಲ. 100 ಮಿತಿಯ ಖಾಲಿ ರಸ್ತೆಯಲ್ಲಿ 70ರಲ್ಲಿ ತೆವಳಿದರೆ ಅದನ್ನೂ ತಪ್ಪೆಂದು ಗುರುತಿಸುತ್ತಾರೆ. ಆಟೋಬಾನ್ ಸೇರುವಾಗ ವೇಗ ಹೆಚ್ಚಿಸುವ ಪಟ್ಟಿಯನ್ನು ಧೈರ್ಯವಾಗಿ ಬಳಸಿ, ಅದರ ತುದಿಯಲ್ಲಿ ನಿಲ್ಲುವ ಪರಿಸ್ಥಿತಿ ತಂದುಕೊಳ್ಳಬೇಡಿ. ತುರ್ತು ಬ್ರೇಕ್ ಕೇಳಿದರೆ ಕ್ಲಚ್ಚು, ಬ್ರೇಕು ಒಟ್ಟಿಗೆ, ಇರುವ ಬಲವೆಲ್ಲ ಹಾಕಿ. ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಕೆಲಸ ಮಾಡುವಾಗ ಪೆಡಲ್ ಕಾಲಡಿ ನಡುಗುತ್ತದೆ, ಅದಕ್ಕೆ ಗಾಬರಿಯಾಗಿ ಕಾಲು ಸಡಿಲಿಸಿದವರೇ ಹೆಚ್ಚು ಎಡವುವುದು.

ಫಲಿತಾಂಶ ಕಾರಿನಲ್ಲೇ ಹೇಳುತ್ತಾರೆ. ಪಾಸಾದರೆ ಹೊಸಬರಿಗಿರುವ ಎರಡು ವರ್ಷದ ಪ್ರೊಬೇಷನ್‌ನಲ್ಲಿ ಭಾರತದ ಲೈಸೆನ್ಸ್ ಪಡೆದ ನಂತರದ ಕಾಲ ಕಳೆಯುತ್ತದೆ, ಹಳಬರಿಗೆ ಅದು ಉಳಿಯುವುದೇ ಇಲ್ಲ. ಆದರೆ ಜರ್ಮನ್ ಕಾರ್ಡ್ ಕೈಗೆ ಬರುವಾಗ ಭಾರತದ ಲೈಸೆನ್ಸನ್ನು ಒಪ್ಪಿಸಬೇಕಾಗುತ್ತದೆ. ಅದನ್ನು ಇಲಾಖೆ ತನ್ನಲ್ಲೇ ಇಟ್ಟುಕೊಂಡರೆ, ಜರ್ಮನ್ ಕಾರ್ಡನ್ನು ಹಿಂತಿರುಗಿಸಿದಾಗ ಮಾತ್ರ ವಾಪಸ್ ಸಿಗುತ್ತದೆ. ಸಕಾರಣವಿದ್ದರೆ ನಿಮ್ಮಲ್ಲೇ ಬಿಡುವ ಅವಕಾಶವೂ ನಿಯಮದಲ್ಲಿದೆ, ಕೇಳಿ ನೋಡಿ. ಏನೇ ಆಗಲಿ, ಕೊಡುವ ಮೊದಲು ಎರಡೂ ಬದಿಯ ಪ್ರತಿ ತೆಗೆದಿಟ್ಟುಕೊಳ್ಳಿ.