ಶೂ ಲೇಸ್ ಕಟ್ಟುವಾಗ ಗೊತ್ತಾಗಿದ್ದು

ಬಗ್ಗಿ ಶೂ ಲೇಸ್ ಕಟ್ಟಿ ಎದ್ದೆ. ಅಷ್ಟಕ್ಕೇ ಏದುಸಿರು. ಗೋಡೆ ಹಿಡಿದು ನಿಂತೆ. ಆಗ ನನಗೆ 50 ವರ್ಷ. ವಯಸ್ಸಾಯ್ತು ಅಂದುಕೊಂಡು ಮುಂದಿನ ವಾರ ಲೇಸ್ ಇಲ್ಲದ ಶೂ ತಂದೆ. ಸಮಸ್ಯೆ ಮುಗೀತಲ್ವಾ!

ಹೀಗೇ ಒಂದೊಂದನ್ನೇ ಬಿಡುತ್ತಾ ಬಂದಿದ್ದೆ, ನನಗೇ ತಿಳಿಯದ ಹಾಗೆ. ಮೆಟ್ಟಿಲು ಬಿಟ್ಟು ಲಿಫ್ಟ್ ಹಿಡಿದೆ. ಗೆಳೆಯರ ಜೊತೆ ನಡೆಯುವಾಗ ಹಿಂದೆ ಬಿದ್ದರೆ, ಫೋನ್ ತೆಗೆದು ಏನೋ ನೋಡುವ ನಾಟಕ. ಬೆಳಗಿನ ಕೆಮ್ಮು, ಕಫ ಹತ್ತು ವರ್ಷದಿಂದಲೂ ಇತ್ತು. ಸಿಗರೇಟು ಸೇದುವವರಿಗೆ ಅದು ಇದ್ದದ್ದೇ ಅಂತ ಸುಮ್ನಿದ್ದೆ. ನಾನು ಮನೆಗೆ ಬಂದೆ ಅಂತ ನನ್ನವಳಿಗೆ ಗೊತ್ತಾಗುತ್ತಿದ್ದುದೇ ಕೆಮ್ಮಿನಿಂದ, ಬೆಲ್ ಒತ್ತುವ ಕೆಲಸವೇ ಇರಲಿಲ್ಲ. ಒಮ್ಮೆ ಎದೆಯ ಎಕ್ಸ್-ರೇ ಕೂಡ ಮಾಡಿಸಿದ್ದೆ. ಎಲ್ಲ ಸರಿ ಇದೆ ಅಂದರು. ಆ ಖುಷಿಗೆ ಹೊರಗೆ ಬಂದು ಒಂದು ಹಚ್ಚಿದೆ.

ಕೊನೆಗೆ ಒಂದು ನೆಗಡಿ ಐದು ವಾರವಾದರೂ ಹೋಗಲಿಲ್ಲ. ಈ ಸಲ ಹೋಗಿದ್ದು ಶ್ವಾಸಕೋಶದ ಡಾಕ್ಟರ ಹತ್ತಿರ. ಅವರು ಮೊದಲು ಲೆಕ್ಕ ಕೇಳಿದರು. ದಿನಕ್ಕೆ 20 ಸಿಗರೇಟಿನ ಹಾಗೆ ಒಂದು ವರ್ಷ ಸೇದಿದರೆ ಒಂದು ಪ್ಯಾಕ್-ಇಯರ್. ನನ್ನದು ದಿನಕ್ಕೆ 15, ಅದೂ 28 ವರ್ಷ. ಅಲ್ಲಿಗೆ 21 ಪ್ಯಾಕ್-ಇಯರ್. ಎಕ್ಸ್-ರೇ ಸರಿ ಇತ್ತಲ್ಲ ಸಾರ್ ಅಂದೆ. "ಎಕ್ಸ್-ರೇಯಲ್ಲಿ ಇದು ಎಷ್ಟೋ ಸಲ ಕಾಣೋದೇ ಇಲ್ಲ, ಊದಿಸಿ ನೋಡಬೇಕು" ಅಂದರು.

ಸ್ಪೈರೋಮೆಟ್ರಿ ಅಂದರೆ ಊದುವ ಪರೀಕ್ಷೆ. ಮೂಗಿಗೆ ಕ್ಲಿಪ್, ಬಾಯಲ್ಲಿ ರಟ್ಟಿನ ಕೊಳವೆ. ಎದೆ ತುಂಬಾ ಎಳೆದುಕೊಂಡು ಒಂದೇ ಸಲಕ್ಕೆ ಜೋರಾಗಿ ಊದಬೇಕು, ಊದುತ್ತಲೇ ಇರಬೇಕು. "ಊದಿ, ಊದಿ, ಇನ್ನೂ ಇನ್ನೂ ಇನ್ನೂ... ಬಿಡಬೇಡಿ ಸಾರ್!" ಅಂತ ಪರೀಕ್ಷೆ ಮಾಡುವ ಹುಡುಗಿ ಪಕ್ಕದಲ್ಲಿ ಕೂಗುತ್ತಿದ್ದಳು. ಕಣ್ಣು ಕತ್ತಲೆ ಬಂತು. ಮೂರು ಸಲ ಊದಿದ ಮೇಲೆ ಇನ್ಹೇಲರ್ ಕೊಟ್ಟು, ಕಾಲು ಗಂಟೆ ಕೂರಿಸಿ, ಮತ್ತೆ ಮೂರು ಸಲ.

ಊದಿದ ಒಟ್ಟು ಗಾಳಿಯಲ್ಲಿ ಶೇ. 70ರಷ್ಟಾದರೂ ಮೊದಲ ಒಂದು ಸೆಕೆಂಡಿನಲ್ಲೇ ಹೊರಗೆ ಬರಬೇಕಂತೆ. ನನ್ನದು 54, ಅದೂ ಇನ್ಹೇಲರ್ ತಗೊಂಡ ಮೇಲೆ. ಆ ಮೊದಲ ಸೆಕೆಂಡಿನ ಗಾಳಿಯನ್ನು ನನ್ನ ವಯಸ್ಸು, ಎತ್ತರದವರಿಗೆ ಇರಬೇಕಾದದ್ದರ ಜೊತೆ ಹೋಲಿಸಿದರೆ ಶೇ. 61. ಕಾಯಿಲೆಯ ಹೆಸರು ಸಿಒಪಿಡಿ, ಅಂದರೆ ಉಸಿರಿನ ದಾರಿಗೆ ಅಡ್ಡಿಯಾಗಿ ಕೊನೆತನಕ ಉಳಿಯುವ ಶ್ವಾಸಕೋಶದ ಕಾಯಿಲೆ.

ನನಗೆ ಗಾಳಿ ಒಳಗೆ ಹೋಗುತ್ತಿಲ್ಲ ಅನ್ನಿಸುತ್ತಿತ್ತು. ನಿಜವಾದ ತೊಂದರೆ ಹೊರಗೆ ಹೋಗುವುದರಲ್ಲಿ. ಶ್ವಾಸಕೋಶದೊಳಗಿನ ಸಣ್ಣ ಗಾಳಿಗೂಡುಗಳ ಗೋಡೆಯನ್ನು ಹೊಗೆ ತಿಂದು ಹಾಕುತ್ತೆ. ಹಿಗ್ಗಿದ್ದು ಮತ್ತೆ ಕುಗ್ಗುವ ಶಕ್ತಿ ಹೋಗುತ್ತೆ, ಹಳೇ ಚಡ್ಡಿಯ ಇಲಾಸ್ಟಿಕ್ ಥರ. ಗಾಳಿಯ ದಾರಿಗಳೂ ಊದಿಕೊಂಡು, ಕಫ ತುಂಬಿ ಕಿರಿದಾಗುತ್ತವೆ. ಹಳೇ ಗಾಳಿ ಒಳಗೇ ಉಳಿದರೆ ಹೊಸದಕ್ಕೆ ಜಾಗ ಎಲ್ಲಿ?

ಡಾಕ್ಟರು ಚೀಟಿಯ ಹಿಂದೆ ಒಂದು ಗೆರೆ ಎಳೆದರು. ಫ್ಲೆಚರ್ ಮತ್ತು ಪೀಟೊ ಅನ್ನುವವರು ಲಂಡನ್ನಿನ ಕೆಲಸಗಾರರನ್ನು ವರ್ಷಗಟ್ಟಲೆ ಊದಿಸಿ ನೋಡಿ 1977ರಲ್ಲಿ ಪ್ರಕಟಿಸಿದ ಗೆರೆಯಂತೆ. ಉಸಿರಿನ ಬಲ ವಯಸ್ಸಿನ ಜೊತೆ ಎಲ್ಲರಿಗೂ ಇಳಿಯುತ್ತೆ. ಹೊಗೆ ಯಾರ ಮೈಗೆ ಹತ್ತುತ್ತೋ ಅವರದ್ದು ಕಡಿದಾಗಿ ಇಳಿಯುತ್ತೆ. ಸಿಗರೇಟು ಬಿಟ್ಟರೆ ಹೋದದ್ದು ವಾಪಸ್ ಬರಲ್ಲ, ಆದರೆ ಅಲ್ಲಿಂದಾಚೆ ಬೇರೆಯವರ ಹಾಗೇ ನಿಧಾನವಾಗಿ ಇಳಿಯುತ್ತೆ. ನನ್ನ 61ರ ಹತ್ತಿರ ಪೆನ್ನಿನಿಂದ ಒಂದು ಚುಕ್ಕಿ ಇಟ್ಟರು. ಆ ಚೀಟಿ ಇನ್ನೂ ಪರ್ಸಿನಲ್ಲಿದೆ.

ಬಿಟ್ಟೆ. ಒಂದೇ ಸಲಕ್ಕಲ್ಲ, ಮೂರನೇ ಪ್ರಯತ್ನಕ್ಕೆ, ತೋಳಿಗೆ ನಿಕೋಟಿನ್ ಪ್ಯಾಚ್ ಅಂಟಿಸಿಕೊಂಡು. ಮೊದಲ ಕೆಲವು ವಾರ ಕೆಮ್ಮು ಜಾಸ್ತಿಯೇ ಆಯ್ತು! ಹೊಗೆಗೆ ಮಂಕಾಗಿದ್ದ ಒಳಗಿನ ಸಣ್ಣ ಕೂದಲುಗಳು ಮತ್ತೆ ಕಸ ಗುಡಿಸಲು ಶುರು ಮಾಡಿದಾಗ ಹೀಗಾಗುತ್ತೆ ಅಂದರು. ಯಾರಾದರೂ ಮೊದಲೇ ಹೇಳಿದ್ದರೆ ಎರಡನೇ ಪ್ರಯತ್ನಕ್ಕೇ ಬಿಡುತ್ತಿದ್ದೆನೇನೋ.

ಇನ್ಹೇಲರ್ ಕಥೆ ಬೇರೆ. ಮೂರು ತಿಂಗಳು ತಪ್ಪಾಗಿ ತಗೊಂಡಿದ್ದೆ. ಒತ್ತಿದ ಮೇಲೆ ಎಳೆಯುತ್ತಿದ್ದೆ, ಔಷಧಿ ಎಲ್ಲ ನಾಲಿಗೆ ಮೇಲೆ. "ಅಪ್ಪ, ಬಾಯಿಂದ ಹೊಗೆ ಬರ್ತಿದೆ" ಅಂದಳು ಮಗಳು. ಎಂಥಾ ಮಾತು ನೋಡಿ. ಈಗ ನಿಧಾನಕ್ಕೆ ಎಳೆಯುತ್ತಲೇ ಒತ್ತಿ, ಹತ್ತು ಎಣಿಸುವಷ್ಟು ಹಿಡಿದು ಬಿಡುತ್ತೇನೆ. ಅದರಲ್ಲಿ ಸ್ಟೀರಾಯ್ಡ್ ಇರುವುದರಿಂದ ಆಮೇಲೆ ಬಾಯಿ ಮುಕ್ಕಳಿಸಬೇಕು.

ಮೆಟ್ಟಿಲಿಗೆ ವಾಪಸ್ ಬಂದಿದ್ದೇನೆ. ಎರಡು ಮೆಟ್ಟಿಲಿಗೆ ಮೂಗಿನಿಂದ ಎಳೆದು, ನಾಲ್ಕು ಮೆಟ್ಟಿಲಿಗೆ ಶಿಳ್ಳೆ ಹಾಕುವವರ ಹಾಗೆ ತುಟಿ ಕೂಡಿಸಿ ಬಿಡುವುದು. ನೋಡಿದವರು ನಗುತ್ತಾರೆ, ನಗಲಿ.

ಮುಂದಿನ ವಾರ ಮತ್ತೆ ಊದಲು ಹೋಗಬೇಕು. ಬಿಟ್ಟು ಎರಡು ವರ್ಷವಾಗುತ್ತಾ ಬಂತು. 61 ಇದ್ದದ್ದು 60 ಆಗಿದ್ದರೂ ಪರವಾಗಿಲ್ಲ. ಆ ಹುಡುಗಿ ಇನ್ನೂ ಅಲ್ಲೇ ಇದ್ದರೆ, ಈ ಸಲ ಸ್ವಲ್ಪ ಮೆಲ್ಲಗೆ ಕೂಗಮ್ಮ ಅನ್ನಬೇಕು.